ಬುಟ್ಟಿ ಹಿಡಿದು ಹೊರಟ ಜೀನ್

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಎಂದಿನಂತೆ ಟ್ರಾಫಿಕ್ಕು. ಬಸ್ಸು ನಿಂತಲ್ಲೇ ನಿಂತಿತು. ಕಿಟಕಿ ಪಕ್ಕ ಕುಳಿತಿದ್ದ ಹುಡುಗಿ ಹೊರಗೆ ಕಂಡ ಬೋರ್ಡುಗಳನ್ನೆಲ್ಲ ಒಂದೊಂದಾಗಿ ಓದುತ್ತಿದ್ದಳು.

"ತಾತ, ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್ ಅಂದ್ರೆ ಏನು? ಸ್ಕೂಲಾ?"

"ಸ್ಕೂಲಲ್ಲ ಪುಟ್ಟಿ. ಬಡವರ ಪುಟ್ಟ ಸೋದರಿಯರು ಅಂತ. ಕ್ರೈಸ್ತ ಸನ್ಯಾಸಿನಿಯರು. ದಿಕ್ಕಿಲ್ಲದ ಅಜ್ಜ ಅಜ್ಜಿಯರನ್ನ ಇಟ್ಟುಕೊಂಡು ಸಾಕ್ತಾರೆ."

"ಅವರಿಗೆ ಸಂಬಳ ಎಷ್ಟು?"

"ಸಂಬಳ ಇಲ್ಲ."

"ಮತ್ತೆ ಅಷ್ಟು ಜನಕ್ಕೆ ಊಟಕ್ಕೆ?"

"ಜನರನ್ನ ಕೇಳಿ ತರ್ತಾರೆ."

ಅವಳು ಕಣ್ಣು ದೊಡ್ಡದು ಮಾಡಿದಳು. "ಅಂದ್ರೆ ಭಿಕ್ಷೆನಾ? ಅವರಿಗೆ ನಾಚಿಕೆ ಆಗಲ್ವಾ ತಾತ? ಬೇಜಾರಾಗಲ್ವಾ?"

ಅಷ್ಟರಲ್ಲಿ ಬಸ್ಸು ಹೊರಟಿತು. ಒಂದೇ ಮಾತಿನಲ್ಲಿ ಉತ್ತರ ಹೇಳುವ ಪ್ರಶ್ನೆಯೂ ಅದಾಗಿರಲಿಲ್ಲ. ಆ ರಾತ್ರಿ ಊಟವಾದ ಮೇಲೆ ಅವಳಿಗೆ ಒಂದು ಕಥೆ ಹೇಳಿದೆ. ಕಥೆಯೆಂದರೆ ಕಟ್ಟುಕಥೆಯಲ್ಲ, ನಡೆದದ್ದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳೇ, ಪಕ್ಕದಲ್ಲಿ ನಿಮ್ಮ ಅಜ್ಜನೋ ಅಜ್ಜಿಯೋ ಇದ್ದರೆ ಅವರಿಗೂ ಕೇಳುವಂತೆ ಸ್ವಲ್ಪ ಗಟ್ಟಿಯಾಗಿ ಓದಿ. ಇದು ಅಜ್ಜಿಯರ ಕಥೆ.

ಫ್ರಾನ್ಸ್ ದೇಶದ ವಾಯವ್ಯ ಮೂಲೆಯಲ್ಲಿ ಬ್ರಿಟನಿ ಎಂಬ ಸೀಮೆ ಇದೆ. ಮೂರು ಕಡೆ ಸಮುದ್ರ. ಅಲ್ಲಿ ಕಾಂಕಾಲ್ ಎಂಬುದೊಂದು ಮೀನುಗಾರರ ಊರು. ಇವತ್ತಿಗೂ ಆ ಊರು ಸಮುದ್ರದ ಸಿಂಪಿಗೆ ಹೆಸರುವಾಸಿ, ದೂರದಿಂದ ಜನ ಬಂದು ತಿಂದು ಹೋಗುತ್ತಾರೆ. ಆ ಊರಿನ ಒಂದು ಬೆಸ್ತರ ಮನೆಯಲ್ಲಿ 1792ರ ಅಕ್ಟೋಬರ್ 25ರಂದು ಜೀನ್ ಜುಗಾನ್ ಎಂಬ ಹುಡುಗಿ ಹುಟ್ಟಿದಳು. ಅದು ಎಂಥ ಕಾಲವೆಂದರೆ, ಅವಳಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಕ್ರಾಂತಿಕಾರಿಗಳು ರಾಜನ ತಲೆಯನ್ನೇ ಕಡಿದಿದ್ದರು. ಚರ್ಚುಗಳಿಗೆ ಬೀಗ ಬಿದ್ದಿತ್ತು. ಪಾದ್ರಿಗಳು ತಲೆಮರೆಸಿಕೊಂಡು ಓಡಾಡುತ್ತಿದ್ದರು. ಮಕ್ಕಳಿಗೆ ಪ್ರಾರ್ಥನೆಯನ್ನು ಮನೆಯ ಹೆಂಗಸರು ಬಾಗಿಲು ಹಾಕಿಕೊಂಡು ಗುಟ್ಟಾಗಿ ಕಲಿಸುತ್ತಿದ್ದರು. ಜೀನ್ ಕಲಿತದ್ದೂ ಹಾಗೆಯೇ.

ಹುಡುಗಿಗೆ ನಾಲ್ಕು ವರ್ಷ ತುಂಬುವ ಮೊದಲೇ ಮೀನು ಹಿಡಿಯಲು ಹೋದ ತಂದೆ ಹಿಂದಿರುಗಲಿಲ್ಲ. ಕಡಲಿಗೆ ಹೋದವರು ಬರಲಿಲ್ಲವೆಂದರೆ ಮನೆಯವರು ಎಷ್ಟು ದಿನ ದಡದಲ್ಲಿ ಕಾಯುತ್ತಾರೆ, ಯಾವತ್ತು ಕಾಯುವುದನ್ನು ಬಿಡುತ್ತಾರೆ ಎಂಬುದು ನಮ್ಮ ಮಲ್ಪೆ, ಗಂಗೊಳ್ಳಿಯ ಕಡೆಯ ಓದುಗರಿಗೆ ನಾನು ಹೇಳಬೇಕಿಲ್ಲ. ತಾಯಿ ಕೂಲಿನಾಲಿ ಮಾಡಿ ಮಕ್ಕಳನ್ನು ಸಾಕಿದಳು. ಜೀನ್ ದನ ಕುರಿ ಕಾಯ್ದಳು, ಉಣ್ಣೆ ನೂತಳು, ಹೆಣಿಗೆ ಕಲಿತಳು. ಹದಿನಾರನೆಯ ವಯಸ್ಸಿಗೆ ಹತ್ತಿರದ ಒಬ್ಬ ಶ್ರೀಮಂತ ಮಹಿಳೆಯ ಬಂಗಲೆಯಲ್ಲಿ ಅಡುಗೆಮನೆಯ ಕೆಲಸಕ್ಕೆ ಸೇರಿದಳು.

ಆ ಯಜಮಾನಿ ಒಳ್ಳೆಯ ಹೆಂಗಸು. ಬಡವರ ಮನೆಗೆ, ಕಾಯಿಲೆಯವರ ಮನೆಗೆ ಹೋಗುವಾಗ ಕೆಲಸದ ಹುಡುಗಿಯನ್ನೂ ಜೊತೆಗೆ ಕರೆದೊಯ್ಯುತ್ತಿದ್ದಳು. ಕೊಡುವಾಗ ತೆಗೆದುಕೊಳ್ಳುವವರ ಮುಖ ಬಾಡದ ಹಾಗೆ ಹೇಗೆ ಕೊಡಬೇಕು ಎಂಬುದನ್ನು ಜೀನ್ ಅಲ್ಲಿಯೇ ಕಲಿತದ್ದಿರಬೇಕು ಎಂದು ನನಗನ್ನಿಸುತ್ತದೆ.

ಒಬ್ಬ ನಾವಿಕ ಅವಳನ್ನು ಮದುವೆಯಾಗುತ್ತೇನೆಂದು ಕೇಳಿದ. ಒಮ್ಮೆಯಲ್ಲ, ಕೆಲವು ವರ್ಷ ಬಿಟ್ಟು ಮತ್ತೊಮ್ಮೆ. ಎರಡು ಸಲವೂ ಅವಳು ಬೇಡವೆಂದಳು. ದೇವರು ತನ್ನನ್ನು ಯಾವುದೋ ಕೆಲಸಕ್ಕೆ ಇಟ್ಟುಕೊಂಡಿದ್ದಾನೆ, ಆ ಕೆಲಸ ಇನ್ನೂ ಶುರುವಾಗಿಲ್ಲ ಎಂದು ತಾಯಿಗೆ ಹೇಳಿದಳಂತೆ. ತಾಯಿ ಏನೆಂದುಕೊಂಡಳೋ! ಇಪ್ಪತ್ತೈದನೆಯ ವಯಸ್ಸಿನಲ್ಲಿ ತನ್ನ ಒಳ್ಳೆಯ ಬಟ್ಟೆಗಳನ್ನು ಅಕ್ಕತಂಗಿಯರಿಗೆ ಕೊಟ್ಟು ಪಕ್ಕದ ಸೇಂಟ್ ಸರ್ವಾನ್ ಪಟ್ಟಣಕ್ಕೆ ಹೊರಟುಹೋದಳು.

ಅಲ್ಲಿಂದ ಮುಂದೆ ಇಪ್ಪತ್ತೆರಡು ವರ್ಷ ಏನೂ ಆಗಲಿಲ್ಲ!

ಮೊಮ್ಮಗಳು ಇಲ್ಲಿ ನನ್ನನ್ನು ತಡೆದಳು. "ಏನೂ ಆಗ್ಲಿಲ್ಲ ಅಂದ್ರೆ?" ಏನೂ ಆಗಲಿಲ್ಲವೆಂದರೆ, ಪುಸ್ತಕದಲ್ಲಿ ಬರೆಯುವಂಥದ್ದು ಆಗಲಿಲ್ಲ. ಸುಮಾರು ಆರು ವರ್ಷ ಆಸ್ಪತ್ರೆಯಲ್ಲಿ ರೋಗಿಗಳ ಸೇವೆ. ಮೈ ಸೋತು ಅದನ್ನು ಬಿಟ್ಟ ಮೇಲೆ ಒಬ್ಬ ವಯಸ್ಸಾದ ಧರ್ಮಭೀರು ಮಹಿಳೆಯ ಮನೆಯಲ್ಲಿ ಹನ್ನೆರಡು ವರ್ಷ ಕೆಲಸ. ಆಕೆ ಇವಳನ್ನು ಕೆಲಸದವಳಂತೆ ನೋಡದೆ ಗೆಳತಿಯಂತೆ ನೋಡಿಕೊಂಡಳು. ಇಬ್ಬರೂ ಸೇರಿ ಊರಿನ ಮಕ್ಕಳಿಗೆ ಧರ್ಮಪಾಠ ಹೇಳುತ್ತಿದ್ದರು. 1835ರಲ್ಲಿ ಆಕೆಯೂ ತೀರಿಕೊಂಡಳು. ನಮ್ಮಲ್ಲಿ ಎಷ್ಟೋ ಜನ ನಲವತ್ತು ದಾಟಿದ ಕೂಡಲೇ ಇನ್ನು ನನ್ನಿಂದ ಏನಾದೀತು ಎಂದು ಕೈಚೆಲ್ಲುತ್ತಾರೆ. ಜೀನ್ ಅವರ ನಿಜವಾದ ಕೆಲಸ ಶುರುವಾದದ್ದು ನಲವತ್ತೇಳಕ್ಕೆ. ಇಲ್ಲಿಂದ ಮುಂದೆ ನಾನೂ ಅವರನ್ನು ಬಹುವಚನದಲ್ಲೇ ಕರೆಯುತ್ತೇನೆ.

ಆಗ ಅವರು ತಮಗಿಂತ ಹಿರಿಯರಾದ ಫ್ರಾಂಸ್ವಾಸ್ ಎಂಬ ಎಪ್ಪತ್ತು ದಾಟಿದ ಅಜ್ಜಿಯ ಜೊತೆ ಒಂದು ಬಾಡಿಗೆ ಮನೆಯ ಮಹಡಿಯಲ್ಲಿದ್ದರು. ವರ್ಜಿನಿ ಎಂಬ ತಬ್ಬಲಿ ಹುಡುಗಿಯೊಬ್ಬಳೂ ಬಂದು ಸೇರಿಕೊಂಡಿದ್ದಳು. ಅಜ್ಜಿ ನೂಲುತ್ತಿದ್ದಳು, ಹುಡುಗಿ ಹೊಲಿಯುತ್ತಿದ್ದಳು, ಜೀನ್ ಅವರಿವರ ಮನೆಗೆ ಹೋಗಿ ಬಟ್ಟೆ ಒಗೆಯುವುದು, ಕಾಯಿಲೆಯವರನ್ನು ನೋಡಿಕೊಳ್ಳುವುದು ಮಾಡುತ್ತಿದ್ದರು. ಮೂವರ ಗಂಜಿ ಹೇಗೋ ನಡೆಯುತ್ತಿತ್ತು.

1839ರ ಚಳಿಗಾಲ. ಆ್ಯನ್ ಶೋವಾಂ ಎಂಬ ಮುದುಕಿಯ ವಿಷಯ ಜೀನ್ ಅವರ ಕಿವಿಗೆ ಬಿತ್ತು. ವಿಧವೆ. ಕಣ್ಣು ಕಾಣದು. ಮೈಯ ಒಂದು ಭಾಗಕ್ಕೆ ಲಕ್ವ ಹೊಡೆದಿತ್ತು. ನೋಡಿಕೊಳ್ಳುವವರು ಯಾರೂ ಉಳಿದಿರಲಿಲ್ಲ. ಬ್ರಿಟನಿಯ ಚಳಿ ಎಂದರೆ ಸಮುದ್ರದ ಮೇಲಿಂದ ಬರುವ ಒದ್ದೆ ಗಾಳಿ, ಮೂಳೆಗೆ ಇಳಿಯುವಂಥದ್ದು. ಜೀನ್ ಹೋದರು, ಮುದುಕಿಯನ್ನು ಎತ್ತಿಕೊಂಡು ಬಂದರು, ಇಕ್ಕಟ್ಟಾದ ಮೆಟ್ಟಿಲು ಹತ್ತಿಸಿ ತಮ್ಮ ಹಾಸಿಗೆಯ ಮೇಲೆ ಮಲಗಿಸಿದರು. ಮನೆಯಲ್ಲಿ ಹೆಚ್ಚಿನ ಹಾಸಿಗೆ ಇರಲಿಲ್ಲ. ತಾವು ಮಾಡಿನ ಕೆಳಗಿನ ಅಟ್ಟಕ್ಕೆ ಹೋಗಿ ಮಲಗಿದರು.

ಇಷ್ಟೇ. ಸಭೆಯಿಲ್ಲ, ಉದ್ಘಾಟನೆಯಿಲ್ಲ, ಟೇಪು ಕತ್ತರಿಸಿದ್ದಿಲ್ಲ. ಒಂದು ಹಾಸಿಗೆ ಕೈ ಬದಲಾಯಿಸಿತು.

ಆ ಹಾಸಿಗೆಯ ಹಿಂದೆಯೇ ಇನ್ನೊಬ್ಬ ಅಜ್ಜಿ ಬಂದಳು. 1841ರ ಹೊತ್ತಿಗೆ ಒಂದು ಹಳೆಯ ಹೆಂಡದಂಗಡಿಯ ನೆಲಮಾಳಿಗೆಯಂಥ ಕೋಣೆ ಹಿಡಿದು ಹನ್ನೆರಡು ಮುದುಕಿಯರನ್ನು ಇಟ್ಟುಕೊಂಡಿದ್ದರು. ಮರುವರ್ಷ ಸಾಲಸೋಲ ಮಾಡಿ ಹಳೆಯ ಮಠದ ಕಟ್ಟಡವೊಂದನ್ನೇ ಕೊಂಡರು. ಅಲ್ಲಿ ಸಂಖ್ಯೆ ನಲವತ್ತಕ್ಕೆ ಏರಿತು. ಮಾರೀ ಜಾಮೆ ಎಂಬ ಇನ್ನೊಬ್ಬ ತರುಣಿಯೂ ಬಂದು ಸೇರಿದ್ದಳು. ದುಡಿಮೆ ಮಾತ್ರ ಅಷ್ಟೇ ಇತ್ತು. ನಾಲ್ಕು ಹೆಂಗಸರು ಬಟ್ಟೆ ಒಗೆದು, ನೂಲು ತೆಗೆದು ನಲವತ್ತು ಹೊಟ್ಟೆ ತುಂಬಿಸುವುದು ಹೇಗೆ? ನಾನು ಬಿಕಾಂ ಓದಿದವನು, ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಲೆಕ್ಕ ಬರೆದವನು. ಯಾವ ರೀತಿ ಬರೆದರೂ ಈ ಜಮಾ ಖರ್ಚು ಕೂಡುವುದಿಲ್ಲ.

ಇಲ್ಲಿಂದಲೇ ಬುಟ್ಟಿಯ ಕಥೆ ಶುರು.

ಈ ಮುದುಕಿಯರಲ್ಲಿ ಎಷ್ಟೋ ಜನ ಮೊದಲು ಮನೆಮನೆಗೆ ಹೋಗಿ ಬೇಡಿ ತಿನ್ನುತ್ತಿದ್ದವರು. ಆಶ್ರಯ ಸಿಕ್ಕ ಮೇಲೂ ಹೊಟ್ಟೆಪಾಡಿಗೆ ಅದನ್ನೇ ಮುಂದುವರಿಸಬೇಕಾಗಿತ್ತು. ಚಳಿಯಲ್ಲಿ ಬೀದಿಗೆ ಹೋಗುವುದು, ಬೈಸಿಕೊಳ್ಳುವುದು, ಸಿಕ್ಕ ಕಾಸಿನಲ್ಲಿ ಕೆಲವರು ಹೆಂಡ ಕುಡಿದು ಬರುವುದೂ ಇತ್ತು. ಜೀನ್ ಅವರಿಗೆ ಇದು ಸಹಿಸಲಿಲ್ಲ. ಆ ಊರಿಗೆ ಬಂದಿದ್ದ, ತಮ್ಮ ಆಸ್ಪತ್ರೆಗಳಿಗಾಗಿ ತಾವೇ ಬೇಡುತ್ತಿದ್ದ ಸಂತ ಜಾನರ ಪಂಥದ ಒಬ್ಬ ಸನ್ಯಾಸಿ ಅವರಿಗೊಂದು ದಾರಿ ತೋರಿಸಿದರು: ಇವರ ಬದಲು ನೀವೇ ಯಾಕೆ ಬೇಡಬಾರದು? ಕೈಗೊಂದು ಬುಟ್ಟಿಯೂ ಬಂತು.

ಜೀನ್ ಪ್ರತಿ ಮುದುಕಿಯ ಹತ್ತಿರವೂ ಕುಳಿತು, ನೀನು ಯಾವ ಯಾವ ಮನೆಗೆ ಹೋಗುತ್ತಿದ್ದೆ, ಯಾರು ಏನು ಕೊಡುತ್ತಿದ್ದರು ಎಂದು ಕೇಳಿಕೊಂಡರು. ಆಮೇಲೆ ಆ ಮನೆಗಳ ಬಾಗಿಲು ತಟ್ಟಿದರು. ಇನ್ನು ಮೇಲೆ ಆ ಅಜ್ಜಿ ಬರುವುದಿಲ್ಲ, ಅವಳ ಬದಲು ನಾನು ಬಂದಿದ್ದೇನೆ, ಅವಳಿಗೆ ಕೊಡುತ್ತಿದ್ದುದನ್ನು ನನಗೆ ಕೊಡಿ ಎಂದರು. ರೊಟ್ಟಿಯ ಚೂರು, ಹಳೆಯ ಬಟ್ಟೆ, ಉಳಿದ ಸಾರು, ಸೌದೆ, ಉಣ್ಣೆ, ಒಂದೆರಡು ಕಾಸು, ಏನಾದರೂ ಸರಿ. ಮನೆಯಲ್ಲಿದ್ದ ಅಜ್ಜಿಯರೂ ಸುಮ್ಮನೆ ಕೂರುತ್ತಿರಲಿಲ್ಲ. ಕೈಲಾದವರು ನೂಲುತ್ತಿದ್ದರು, ಹೆಣೆಯುತ್ತಿದ್ದರು. ಅದರಲ್ಲಿ ಅವರಿಗೂ ಒಂದು ಮರ್ಯಾದೆ ಇತ್ತು.

ಮಕ್ಕಳೇ, ನಾಚಿಕೆ ಆಗಲ್ವಾ ಎಂದು ನನ್ನ ಮೊಮ್ಮಗಳು ಕೇಳಿದ್ದಳಲ್ಲ. ಆಗುತ್ತಿತ್ತು. ಬೇಡುವುದು ತಮಗೆ ಬಹಳ ಕಷ್ಟವಾಗಿತ್ತು, ಆದರೂ ದೇವರಿಗಾಗಿ, ಬಡವರಿಗಾಗಿ ಮಾಡಿದೆ ಎಂದು ಜೀನ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅವರು ನಾಚಿಕೆಯಿಲ್ಲದವರಾಗಿ ಬುಟ್ಟಿ ಹಿಡಿಯಲಿಲ್ಲ. ನಲವತ್ತು ಮುದುಕಿಯರ ನಾಚಿಕೆಯನ್ನು ಒಟ್ಟುಮಾಡಿ ತಮ್ಮೊಬ್ಬರ ತಲೆಯ ಮೇಲೆ ಹೊತ್ತುಕೊಂಡರು.

ಬೇಡುವವರಿಗೆ ಎಲ್ಲ ಕಡೆ ರೊಟ್ಟಿಯೇ ಸಿಗುವುದಿಲ್ಲ. ಒಮ್ಮೆ ಒಬ್ಬ ಮನುಷ್ಯ ಸಿಟ್ಟಿನಲ್ಲಿ ಅವರ ಕೆನ್ನೆಗೆ ಹೊಡೆದನಂತೆ. ಜೀನ್ ಕದಲಲಿಲ್ಲ. ಸ್ವಾಮಿ, ಇದು ನನಗಾಯಿತು, ಈಗ ನನ್ನ ಬಡವರಿಗೆ ಏನಾದರೂ ಕೊಡಿ ಎಂದರಂತೆ. ಇನ್ನೊಬ್ಬ ಸಾಹುಕಾರ ಒಂದು ದಿನ ದಾನ ಕೊಟ್ಟ. ಮರುದಿನ ಬಾಗಿಲು ತೆಗೆದರೆ ಮತ್ತೆ ಜೀನ್! ನಿನ್ನೆ ತಾನೇ ಕೊಟ್ಟೆನಲ್ಲ ಎಂದು ಅವನು ರೇಗಿದ. ನಮ್ಮವರಿಗೆ ನಿನ್ನೆ ಹಸಿವಾಗಿತ್ತು, ಇವತ್ತೂ ಹಸಿವಾಗಿದೆ, ನಾಳೆಯೂ ಆಗುತ್ತದೆ ಎಂದರು ಜೀನ್. ಅವನು ಆಮೇಲೆ ಖಾಯಂ ದಾನಿಯಾದನೆಂದು ಹೇಳುತ್ತಾರೆ. ಮೊಮ್ಮಗಳಿಗೆ ಈ ಎರಡನೆಯ ಕಥೆ ಬಹಳ ಹಿಡಿಸಿತು. ಈಗ ಪ್ರತಿದಿನ ಐಸ್‌ಕ್ರೀಂ ಕೇಳುವಾಗ ನನ್ನ ಮೇಲೆಯೇ ಅದನ್ನು ಪ್ರಯೋಗಿಸುತ್ತಾಳೆ.

ಆಂಜೆ ಎಂಬ ಊರಿನ ಬೆಣ್ಣೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಅಲ್ಲಿಯ ಮನೆಯಲ್ಲಿ ವೃದ್ಧರು ಒಣ ರೊಟ್ಟಿ ತಿನ್ನುತ್ತಿದ್ದುದನ್ನು ಜೀನ್ ಕಂಡರು. ಹಾಲು ಬೆಣ್ಣೆಯ ನಾಡಿನಲ್ಲಿ ಮುದುಕರಿಗೆ ಬೆಣ್ಣೆಯಿಲ್ಲವೇ? ಇದ್ದಬದ್ದ ಖಾಲಿ ಬೆಣ್ಣೆಯ ಪಾತ್ರೆಗಳನ್ನೆಲ್ಲ ತಂದು ಸಂತ ಜೋಸೆಫರ ಪ್ರತಿಮೆಯ ಮುಂದೆ ಸಾಲಾಗಿ ಇಡಿಸಿದರು. ನಮ್ಮ ಅಜ್ಜ ಅಜ್ಜಿಯರಿಗೆ ಬೆಣ್ಣೆ ಕಳಿಸಪ್ಪಾ ಎಂಬ ಅರ್ಥದ ಚೀಟಿಯನ್ನೂ ಬರೆಸಿ ಇಟ್ಟರು. ಬಂದುಹೋಗುವವರು ಅದನ್ನು ನೋಡದೆ ಇರುತ್ತಾರೆಯೇ! ಬೆಣ್ಣೆ ಬಂತು. ಪವಾಡವೆನ್ನುವವರು ಪವಾಡವೆನ್ನಲಿ. ಕೇಳುವ ಜಾಣತನವೂ ಅದರಲ್ಲಿ ಸ್ವಲ್ಪ ಇತ್ತು ಎಂದು ನನ್ನ ಊಹೆ.

ನಮ್ಮ ನಾಡಿನಲ್ಲಿ ಇದು ಹೊಸದೇನಲ್ಲ. ಹರಿದಾಸರ ಗೋಪಾಳ ಬುಟ್ಟಿ ನಮಗೆ ಗೊತ್ತು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಮಠದ ಮಕ್ಕಳ ಅನ್ನಕ್ಕಾಗಿ ಜೋಳಿಗೆ ಹಿಡಿದು ಹಳ್ಳಿಹಳ್ಳಿ ಸುತ್ತಿದ್ದನ್ನು ಈ ಪತ್ರಿಕೆಯ ಹಿರಿಯ ಓದುಗರು ಕಣ್ಣಾರೆ ಕಂಡಿದ್ದೀರಿ. ಜೋಳಿಗೆ ತನಗಾಗಿ ಚಾಚಿದ್ದೋ ಇನ್ನೊಬ್ಬರಿಗಾಗಿ ಚಾಚಿದ್ದೋ ಎಂಬುದನ್ನು ಹಳ್ಳಿಯವರು ನೋಡಿದ ಕೂಡಲೇ ಹೇಳುತ್ತಾರೆ. ಸೇಂಟ್ ಸರ್ವಾನಿನ ಜನರಿಗೂ ಅದು ತಿಳಿಯಿತು. ಊರಿನ ಪ್ರಮುಖರೇ ಅರ್ಜಿ ಬರೆದು ಪ್ಯಾರಿಸ್ಸಿಗೆ ಕಳಿಸಿದರು. 1845ರಲ್ಲಿ ಫ್ರೆಂಚ್ ಅಕಾಡೆಮಿ ಜೀನ್ ಅವರಿಗೆ ಮೋಂತಿಯೋಂ ಬಹುಮಾನ ಕೊಟ್ಟಿತು. ಬಡವರೊಬ್ಬರು ಮಾಡಿದ ಸತ್ಕಾರ್ಯಕ್ಕೆ ಕೊಡುವ ಬಹುಮಾನ ಅದು. ಮೂರು ಸಾವಿರ ಫ್ರಾಂಕ್. ಹಣ ಮನೆಯ ಖರ್ಚಿಗೆ ಹೋಯಿತು. ಹೆಸರು ಊರೂರಿಗೆ ಹರಡಿತು, ಮತ್ತು ಆ ಹೆಸರಿನಿಂದ ಹೊಸ ಹೊಸ ಊರುಗಳಲ್ಲಿ ಬಾಗಿಲು ತೆರೆಯಿತು. ರೆನ್, ದಿನಾನ್, ತೂರ್, ಆಂಜೆ. ಎಲ್ಲಿ ಹೊಸ ಮನೆ ಹಣವಿಲ್ಲದೆ ಕುಸಿಯುತ್ತಿತ್ತೋ ಅಲ್ಲಿಗೆ ಜೀನ್ ಬುಟ್ಟಿ ಹಿಡಿದು ಹೋಗುತ್ತಿದ್ದರು.

ಇಲ್ಲಿಯವರೆಗೆ ಕಥೆ ಸಂತೋಷದ್ದು. ಇನ್ನು ಮುಂದಿನದನ್ನು ಮೊಮ್ಮಗಳಿಗೆ ಹೇಳಬೇಕೋ ಬೇಡವೋ ಎಂದು ನಾನು ಸ್ವಲ್ಪ ಹಿಂದೆಮುಂದೆ ನೋಡಿದೆ. ಹೇಳಿದೆ.

ಈ ಹೆಂಗಸರ ಗುಂಪಿಗೆ ಮಾರ್ಗದರ್ಶಕರಾಗಿ ಲ ಪಾಯರ್ ಎಂಬ ತರುಣ ಪಾದ್ರಿ ಬಂದಿದ್ದರು. ಮೊದಲಿಗೆ ಉಪಕಾರವನ್ನೇ ಮಾಡಿದರು. 1843ರ ಡಿಸೆಂಬರಿನಲ್ಲಿ ಸೋದರಿಯರು ಜೀನ್ ಅವರನ್ನು ಮತ್ತೊಮ್ಮೆ ಮುಖ್ಯಸ್ಥೆಯಾಗಿ ಆರಿಸಿದರು. ಎರಡೇ ವಾರದಲ್ಲಿ ಆ ಪಾದ್ರಿ ಚುನಾವಣೆಯನ್ನು ರದ್ದುಮಾಡಿ, ಇಪ್ಪತ್ತಮೂರು ವರ್ಷದ ಮಾರೀ ಜಾಮೆಯನ್ನು ಮುಖ್ಯಸ್ಥೆಯ ಸ್ಥಾನದಲ್ಲಿ ಕೂರಿಸಿದರು. ಜೀನ್ ಅವರಿಗೆ ಆಗ ಐವತ್ತೊಂದು. ಅವರು ಜಗಳವಾಡಲಿಲ್ಲ. ಬುಟ್ಟಿ ಎತ್ತಿಕೊಂಡು ಬೇಡಲು ಹೋದರು. ನಾನು ಮೇಲೆ ಹೇಳಿದ ಬಹುಮಾನ, ಹೊಸ ಊರುಗಳ ಮನೆಗಳು, ಬೆಣ್ಣೆ, ಎಲ್ಲವೂ ಈ ಅಪಮಾನದ ನಂತರದ್ದು ಎಂಬುದನ್ನು ಗಮನಿಸಿ.

1852ರಲ್ಲಿ ಅದೂ ಹೋಯಿತು. ಇನ್ನು ಹೊರಗೆ ಹೋಗಬೇಡಿ, ದಾನಿಗಳ ಜೊತೆ ಸಂಪರ್ಕ ಬೇಡ ಎಂದು ಅವರನ್ನು ರೆನ್ ಊರಿನ ಮುಖ್ಯ ಮನೆಗೆ ಕರೆಸಿಕೊಂಡರು. ನಾಲ್ಕು ವರ್ಷದ ಮೇಲೆ ಮುಖ್ಯ ಮನೆ ಸೇಂಟ್ ಪೆರ್ನ್ ಎಂಬ ಹಳ್ಳಿಯ ದೊಡ್ಡ ಎಸ್ಟೇಟಿಗೆ ಹೋಯಿತು, ಜೀನ್ ಅವರೂ ಹೋದರು. ಹೊಸದಾಗಿ ಸೇರುವ ಹುಡುಗಿಯರ ನಡುವೆ ಒಬ್ಬ ವಯಸ್ಸಾದ ಸಿಸ್ಟರ್ ಆಗಿ, ಸಿಸ್ಟರ್ ಮೇರಿ ಆಫ್ ದಿ ಕ್ರಾಸ್ ಎಂಬ ಹೆಸರಿನಲ್ಲಿ ಉಳಿದರು. ಒಂದೆರಡು ವರ್ಷವಲ್ಲ, ಒಟ್ಟು ಇಪ್ಪತ್ತೇಳು ವರ್ಷ, ಸಾಯುವವರೆಗೆ. ಸಂಸ್ಥೆಯನ್ನು ಕಟ್ಟಿದವರು ತಾವೇ ಎಂದು ಪಾದ್ರಿ ಹೇಳಿಕೊಂಡು ಬಂದರು. ಜೀನ್ ಮೂರನೆಯದಾಗಿ ಬಂದು ಸೇರಿದ ಸೋದರಿ ಎಂದು ಕಥೆಯನ್ನೇ ತಿದ್ದಲಾಯಿತು. ಪಕ್ಕದಲ್ಲಿ ಕುಳಿತು ಹೆಣಿಗೆ ಹಾಕುತ್ತಿರುವ ಈ ಮುದುಕಿಯೇ ಎಲ್ಲವನ್ನೂ ಶುರುಮಾಡಿದ್ದು ಎಂಬುದು ಎಷ್ಟೋ ಹುಡುಗಿಯರಿಗೆ ಗೊತ್ತೇ ಇರಲಿಲ್ಲ.

ಮೊಮ್ಮಗಳಿಗೆ ಸಿಟ್ಟು ಬಂತು. "ಹೇಳ್ಬೇಕಿತ್ತು ತಾತ! ನಾನೇ ಮಾಡಿದ್ದು ಅಂತ ಎಲ್ಲರಿಗೂ ಹೇಳ್ಬೇಕಿತ್ತು!"

ನನ್ನ ಮಟ್ಟಿಗೆ ಹೇಳುವುದಾದರೆ, ನಾನಂತೂ ಹೇಳುತ್ತಿದ್ದೆ. ಬ್ಯಾಂಕಿನಲ್ಲಿದ್ದಾಗ ಒಮ್ಮೆ ಬಾಕಿ ಬಿದ್ದ ಲೆಕ್ಕವೊಂದನ್ನು ಎರಡು ತಿಂಗಳು ರಾತ್ರಿ ಕೂತು ನಾನು ಸರಿಮಾಡಿದ್ದೆ. ಮೆಚ್ಚುಗೆಯ ಪತ್ರ ಬಂದದ್ದು ಇನ್ನೊಬ್ಬರ ಹೆಸರಿಗೆ. ಯೂನಿಯನ್ನಿಗೆ ಹೋದೆ, ಮೇಲಿನವರಿಗೆ ಅರ್ಜಿ ಬರೆದೆ, ವರ್ಷಗಟ್ಟಲೆ ಮನೆಯಲ್ಲಿ ಗೊಣಗಿದೆ. ನನ್ನ ಹೆಂಡತಿಯನ್ನು ಕೇಳಿದರೆ ಈಗಲೂ ಗೊಣಗುತ್ತಾರೆ ಎನ್ನುತ್ತಾಳೆ. ಒಂದು ಕಾಗದಕ್ಕೆ ಇಷ್ಟು! ಜೀನ್ ಅವರ ಕೈಯಿಂದ ಹೋದದ್ದು ಇಡೀ ಬದುಕಿನ ಕೆಲಸ.

ಅವರಿಗೆ ತಿಳಿಯಲಿಲ್ಲವೆಂದೇನಲ್ಲ. ನನ್ನ ಕೆಲಸವನ್ನು ನೀವು ಕದ್ದಿರಿ, ಆದರೂ ಸಂತೋಷದಿಂದ ಬಿಟ್ಟುಕೊಡುತ್ತೇನೆ ಎಂಬ ಅರ್ಥದ ಮಾತನ್ನು ಆ ಪಾದ್ರಿಗೇ ನಗುನಗುತ್ತ ಹೇಳಿದ್ದರೆಂದು ಪ್ರತೀತಿ. ಆ ಪಾದ್ರಿ ಮಾಡಿದ್ದು ತಪ್ಪು, ಅದರಲ್ಲಿ ನನಗೆ ಅನುಮಾನವಿಲ್ಲ. ಸಹಿಸಿದವರು ದೊಡ್ಡವರಾದರೆಂದು ಮಾಡಿದವರ ತಪ್ಪು ಚಿಕ್ಕದಾಗುವುದಿಲ್ಲ. ನಿಮಗೆ ಶಾಲೆಯಲ್ಲೋ ಮನೆಯಲ್ಲೋ ಅನ್ಯಾಯವಾದರೆ ಮಕ್ಕಳೇ, ದೊಡ್ಡವರಿಗೆ ಹೇಳಲೇಬೇಕು. ನನಗೆ ಕುತೂಹಲ ಇರುವುದು ಬೇರೆಯದರಲ್ಲಿ: ಆ ಇಪ್ಪತ್ತೇಳು ವರ್ಷ ಅವರು ಹೇಗಿದ್ದರು?

ಜೊತೆಗಿದ್ದ ಹುಡುಗಿಯರು ಮುಂದೆ ತಾವೇ ಮುದುಕಿಯರಾದ ಮೇಲೆ ನೆನಪಿಸಿಕೊಂಡು ಹೇಳಿದ್ದಾರೆ. ಕೋಲು ಊರಿಕೊಂಡು ತೋಟದಲ್ಲಿ ಓಡಾಡುವ ಎತ್ತರದ ಅಜ್ಜಿ. ಕಡೆಗಾಲಕ್ಕೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಮುಖದಲ್ಲಿ ಗಂಟು ಕಂಡವರಿಲ್ಲ. ಸಿಕ್ಕಿದ್ದಕ್ಕೆಲ್ಲ ದೇವರಿಗೆ ಕೃತಜ್ಞತೆ ಹೇಳುತ್ತಿದ್ದರು. ಪುಟ್ಟವರಾಗಿರಿ, ತೀರಾ ಪುಟ್ಟವರಾಗಿರಿ ಎಂದು ಹುಡುಗಿಯರಿಗೆ ಹೇಳುತ್ತಿದ್ದರು. ವೃದ್ಧರನ್ನು ಸಂತೋಷವಾಗಿಡುವುದೇ ಮುಖ್ಯ, ಉಳಿದದ್ದೆಲ್ಲ ಆಮೇಲೆ ಎನ್ನುತ್ತಿದ್ದರು. ಅವರು ನಂಬಿದ್ದು ಇಷ್ಟು: ಬಡವರಲ್ಲಿ ಇರುವವನು ಯೇಸುವೇ. ಹಾಗಾದ ಮೇಲೆ ಆ್ಯನ್ ಶೋವಾಂ ತಮ್ಮ ಹಾಸಿಗೆಯಲ್ಲಿ ಮಲಗಿದ ರಾತ್ರಿಯೇ ಅವರಿಗೆ ಬರಬೇಕಾದದ್ದು ಬಂದಿತ್ತು. ಸ್ಥಾನವೆಂಬುದು ಬಂದರೆಷ್ಟು, ಹೋದರೆಷ್ಟು? ನಾನು ಅರ್ಥಮಾಡಿಕೊಂಡದ್ದು ಹೀಗೆ. ಪೂರ್ತಿ ಅರ್ಥವಾಗಿದೆಯೆಂದು ಹೇಳಲಾರೆ.

ಇನ್ನು ನನ್ನಂಥ ಬ್ಯಾಂಕಿನವನ ನಿದ್ದೆ ಕೆಡಿಸುವ ಪ್ರಸಂಗವೊಂದಿದೆ.

1865ರ ಹೊತ್ತಿಗೆ ಸಂಸ್ಥೆ ದೊಡ್ಡದಾಗಿತ್ತು. ದಾನಿಯೊಬ್ಬರು ವರ್ಷಾವರ್ಷ ಖಚಿತವಾದ ಆದಾಯ ಬರುವಂತೆ ಹಣ ಬಿಡಲು ಮುಂದಾದರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಒಳ್ಳೆಯದೊಂದು ಫಿಕ್ಸೆಡ್ ಡಿಪಾಸಿಟ್. ತೆಗೆದುಕೊಳ್ಳಬೇಕೋ ಬೇಡವೋ? ದೊಡ್ಡವರಿಗೆ ನಿರ್ಧರಿಸಲು ಆಗಲಿಲ್ಲ. ಮೂಲೆಯಲ್ಲಿದ್ದ ಜೀನ್ ಅವರನ್ನು ಕರೆಸಿದರು. ಅವರು ಬೇಡವೆಂದರು. ನಾವು ದೇವರ ಕೃಪೆಯನ್ನೂ ಜನರ ದಾನವನ್ನೂ ನಂಬಿ ಬಂದವರು, ಖಾಯಂ ಆದಾಯ ನಮಗೆ ಬೇಡ. ಸಭೆ ಹಾಗೆಯೇ ತೀರ್ಮಾನಿಸಿತು. ಕಾಗದದ ಮೇಲೆ ಉಳಿದವರ ಜೊತೆ ಅವರ ಸಹಿಯೂ ಬಿತ್ತು. ಖಾಯಂ ಆದಾಯದ ಮೇಲೆ ಬದುಕಬಾರದೆಂಬುದು ಅವತ್ತಿನಿಂದ ಆ ಸಂಸ್ಥೆಯ ನಿಯಮವಾಯಿತು.

ಇದನ್ನು ಮೊದಲು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ನೂರಾರು ವೃದ್ಧರನ್ನು ಮನೆಯಲ್ಲಿ ಇಟ್ಟುಕೊಂಡು ಬಡ್ಡಿ ಬೇಡವೆನ್ನುವುದೇ? ನಮ್ಮ ಶಾಖೆಯಲ್ಲಿ ತಿಂಗಳ ಮೊದಲ ವಾರ ಹಿರಿಯರ ಸಾಲು ನೆನಪಿಗೆ ಬಂತು. ಬಡ್ಡಿ ದರ ಕಾಲು ಪರ್ಸೆಂಟ್ ಇಳಿದರೆ ಅವರ ಮುಖ ಇಳಿಯುತ್ತಿತ್ತು. ಔಷಧಿಯ ಲೆಕ್ಕ, ಹಾಲಿನ ಲೆಕ್ಕ ಎಲ್ಲ ಆ ಕಾಲು ಪರ್ಸೆಂಟಿನ ಮೇಲೆ ನಿಂತಿರುತ್ತಿತ್ತು. ನನ್ನದೂ ಈಗ ಅದೇ ಪರಿಸ್ಥಿತಿ. ಆದ್ದರಿಂದ ಜೀನ್ ಅವರನ್ನು ಅನುಸರಿಸಿ ಎಂದು ನಾನು ಯಾವ ಅಜ್ಜನಿಗೂ ಹೇಳುವುದಿಲ್ಲ. ನಿಮ್ಮ ಠೇವಣಿ ನಿಮ್ಮ ಹತ್ತಿರವೇ ಇರಲಿ, ನಾಮಿನೇಷನ್ ಸರಿಯಾಗಿ ಬರೆಸಿಡಿ.

ಆದರೆ ಆಮೇಲೆ ಯೋಚಿಸಿದಾಗ ಇನ್ನೊಂದು ಮುಖ ಕಂಡಿತು. ಬಡ್ಡಿ ಬರುತ್ತಿದ್ದರೆ ಬುಟ್ಟಿ ಬೇಕಾಗುತ್ತಿರಲಿಲ್ಲ. ಬುಟ್ಟಿಯಿಲ್ಲದಿದ್ದರೆ ಸೋದರಿಯರು ಸಂತೆಗೆ ಹೋಗುವುದಿಲ್ಲ, ತರಕಾರಿಯವನ ಹೆಂಡತಿಯ ಕಾಯಿಲೆ ವಿಚಾರಿಸುವುದಿಲ್ಲ. ಅವನು ಒಂದು ಕೋಸುಗೆಡ್ಡೆ ಎತ್ತಿ ಹಾಕುವುದಿಲ್ಲ. ಅಜ್ಜಿಯರ ಮನೆ ಊರಿನ ಮನೆಯಾಗದೆ ಗೋಡೆಯೊಳಗಿನ ಸಂಸ್ಥೆಯಾಗಿಬಿಡುತ್ತದೆ. ದಿನವೂ ಕೇಳಬೇಕಾಗಿರುವುದರಿಂದ ದಿನವೂ ಯಾರಿಗೋ ಕೊಡುವ ಅವಕಾಶ ಸಿಗುತ್ತದೆ. ಈ ಲೆಕ್ಕ ಲೆಡ್ಜರಿನಲ್ಲಿ ಬರೆಯಲು ಬರುವುದಿಲ್ಲ.

ಜೀನ್ ಜುಗಾನ್ 1879ರ ಆಗಸ್ಟ್ 29ರಂದು ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವತ್ತಿಗೆ ಬಡವರ ಪುಟ್ಟ ಸೋದರಿಯರ ಸಂಖ್ಯೆ ಸುಮಾರು 2,400. ಲಂಡನ್ನಿಗೆ 1851ರಲ್ಲೇ ಹೋಗಿದ್ದರು, ಅಮೆರಿಕಕ್ಕೆ 1868ರಲ್ಲಿ. ಜೀನ್ ತೀರಿಕೊಂಡ ಮೂರು ವರ್ಷಕ್ಕೆ, 1882ರಲ್ಲಿ, ಕಲ್ಕತ್ತೆಗೆ ಬಂದರು. ನಮ್ಮ ಬೆಂಗಳೂರಿನ ಮನೆಯೂ ಹಳೆಯದೇ, ಶತಮಾನ ಕಂಡದ್ದು. 1890ರಲ್ಲಿ ರೋಮಿನಿಂದ ವಿಚಾರಣೆ ನಡೆದು ಲ ಪಾಯರ್ ಅಧಿಕಾರ ಕಳೆದುಕೊಂಡರು. ಯಾರು ಮೊದಲು, ಯಾರು ಮೂರನೆಯವರು ಎಂಬ ಸತ್ಯ ಆಮೇಲೆ ನಿಧಾನವಾಗಿ ಹೊರಗೆ ಬಂತು.

ಮೊಮ್ಮಗಳಿಗೆ ಅರ್ಥವಾಗಲೆಂದು ಇನ್ನೊಂದು ವಿಷಯ ಹೇಳಿದೆ. ಕಥೋಲಿಕ ಸನ್ಯಾಸಿನಿಯರು ಸಾಮಾನ್ಯವಾಗಿ ಮೂರು ವ್ರತ ತೆಗೆದುಕೊಳ್ಳುತ್ತಾರೆ. ಸ್ವಂತ ಆಸ್ತಿ ಇಲ್ಲ, ಮದುವೆ ಇಲ್ಲ, ಹಿರಿಯರ ಮಾತು ಮೀರುವಂತಿಲ್ಲ. ಈ ಸೋದರಿಯರು ನಾಲ್ಕನೆಯದೊಂದನ್ನೂ ತೆಗೆದುಕೊಳ್ಳುತ್ತಾರೆ. ಅದು ಆತಿಥ್ಯದ ವ್ರತ. ಬಂದ ವೃದ್ಧರು ಯಾವ ಜಾತಿ, ಯಾವ ಧರ್ಮ ಎಂದು ನೋಡದೆ ಮನೆಯವರಂತೆ ಕಾಣುವುದು, ಅವರ ಕೊನೆಯ ಉಸಿರಿನವರೆಗೆ ಪಕ್ಕದಲ್ಲಿರುವುದು. ಸಾಯುವವರನ್ನು ಒಬ್ಬರನ್ನೇ ಬಿಡುವುದಿಲ್ಲ. ರಾತ್ರಿಯಾದರೂ ಸರದಿಯಂತೆ ಒಬ್ಬರು ಹಾಸಿಗೆಯ ಬದಿಯಲ್ಲಿ ಕೂತು ಪ್ರಾರ್ಥಿಸುತ್ತಿರುತ್ತಾರೆ. ನನ್ನ ವಯಸ್ಸಿನವರಿಗೆ ಈ ಒಂದು ಮಾತು ಎಷ್ಟು ದೊಡ್ಡದೆಂದು ಮಕ್ಕಳಿಗೆ ಈಗ ತಿಳಿಯದು.

"ಹಾಗಾದ್ರೆ ಅವರಿಗೆ ಬೇಜಾರಾಗಲ್ವಾ?" ಎಂದು ಅವಳು ಮತ್ತೆ ಕೇಳಿದಳು. ಹಿಡಿದ ಪ್ರಶ್ನೆ ಬಿಡುವವಳಲ್ಲ.

"ಒಂದು ದಿನ ಹೋಗಿ ಅವರನ್ನೇ ಕೇಳೋಣ" ಎಂದೆ. ರಜೆ ಮುಗಿಯುವ ಮೊದಲು ಹೋದೆವು. ಅಜ್ಜಿಯೊಬ್ಬಳು ಹಜಾರದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಬಿಳಿಯ ಉಡುಪಿನ ಸಿಸ್ಟರ್ ಒಬ್ಬರು ಪಕ್ಕದಲ್ಲಿ ಕೂತು ತಾವೂ ಸುಲಿಯುತ್ತಿದ್ದರು. ಯಾವುದೋ ಮಾತಿಗೆ ಇಬ್ಬರೂ ಜೋರಾಗಿ ನಗುತ್ತಿದ್ದರು. ಮೊಮ್ಮಗಳು ಕೇಳಬೇಕೆಂದು ಬಂದವಳು ಕೇಳದೆ ಹೋಗಿ ಅವರ ನಡುವೆ ಕೂತುಬಿಟ್ಟಳು. ಅರ್ಧ ಗಂಟೆ ಬಟಾಣಿ ಸುಲಿದಳು. ಮನೆಯಲ್ಲಿ ಒಂದು ದಿನವೂ ಸುಲಿದವಳಲ್ಲ.

2009ರ ಅಕ್ಟೋಬರ್ 11ರಂದು ರೋಮಿನಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಜೀನ್ ಜುಗಾನ್ ಅವರನ್ನು ಸಂತರೆಂದು ಸಾರಿದರು. ಅದೇ ದಿನ, ಅದೇ ಸಮಾರಂಭದಲ್ಲಿ ಸಂತ ಪದವಿ ಪಡೆದ ಇನ್ನೊಬ್ಬರು ಬೆಲ್ಜಿಯಂ ದೇಶದ ರೈತನ ಮಗ ಫಾದರ್ ಡೇಮಿಯನ್. ಅವರು ಹವಾಯಿ ದ್ವೀಪಗಳ ಮೊಲೊಕಾಯ್‌ನಲ್ಲಿ ಕುಷ್ಠರೋಗಿಗಳ ಜೊತೆ ಬಾಳಿ, ಅದೇ ರೋಗ ತಗುಲಿ 1889ರಲ್ಲಿ ತೀರಿಕೊಂಡವರು. ಅವರ ಕಥೆ ಹೇಳು ಎಂದು ಮೊಮ್ಮಗಳು ಈಗಾಗಲೇ ಪೀಡಿಸುತ್ತಿದ್ದಾಳೆ. ಮುಂದಿನ ರಜೆಗೆ ಬಂದಾಗ ಹೇಳುತ್ತೇನೆಂದು ಸದ್ಯಕ್ಕೆ ತಪ್ಪಿಸಿಕೊಂಡಿದ್ದೇನೆ.